ಪಟ್ಟಿ ಪುರಾಣ

ಮನುಷ್ಯನಿಗಿರುವ ಕೈಗಳು ಎರಡೇ. ಅವನಿಗಾಗಿ ಕಾದಿರುವ ಕೆಲಸಗಳಿಗೆ ಮಾತ್ರ ಲೆಕ್ಕವಿಲ್ಲ. ಬ್ರಹ್ಮನ ಸೃಷ್ಟಿಯ ಈ ಅನ್ಯಾಯವನ್ನು ಸರಿದೂಗಿಸಲು ಮನುಷ್ಯ ಕಂಡುಕೊಂಡ ಉಪಾಯಗಳಲ್ಲಿ ಬಹು ಹಳೆಯದೂ ಬಹು ಅಗ್ಗದ್ದೂ ಆದುದೆಂದರೆ ಪಟ್ಟಿ. ಕೆಲಸವನ್ನು ಮಾಡುವುದು ಕಷ್ಟ. ಮಾಡಬೇಕೆಂದು ಬರೆದಿಡುವುದು ಸುಲಭ. ಬರೆದಿಟ್ಟೊಡನೆಯೇ ಅರ್ಧ ಕೆಲಸ ಮುಗಿದಷ್ಟು ಸಮಾಧಾನವಾಗುತ್ತದೆ. ಉಳಿದರ್ಧ ಹಾಗೆಯೇ ಉಳಿದಿರುತ್ತದೆಂಬುದು ಬೇರೆ ಮಾತು.

ನಮ್ಮ ಬಸವನಗುಡಿಯ ಮನೆಗಳಲ್ಲಿ ಈ ಪಟ್ಟಿಗೆ ಗೊತ್ತಾದ ಸ್ಥಾನಗಳಿದ್ದುವು. ಅಡಿಗೆಯ ಮನೆಯ ಗೋಡೆಯ ಮೇಲೆ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು. ಅದರ ತಾರೀಕಿನ ಮಗ್ಗುಲಲ್ಲಿ ಹಾಲಿನ ಲೆಕ್ಕ, ಗ್ಯಾಸಿನ ಸಿಲಿಂಡರು ಬಂದ ದಿನ, ಹತ್ತಿರದವರ ಮದುವೆ. ಮನೆಯ ಯಜಮಾನನ ಜೇಬಿನಲ್ಲಿ ಹಳೆಯ ರಸೀದಿಯೊಂದು. ಅದರ ಬೆನ್ನ ಮೇಲೆ ಗಾಂಧೀ ಬಜಾರಿನಿಂದ ತರಬೇಕಾದ ವೀಳೆಯದೆಲೆ, ಬಾಳೆಹಣ್ಣು, ಬಿಡಿಹೂವು. ಈ ಎರಡು ಕಡೆಯಲ್ಲಿಯೂ ಹಿಡಿಸದೆ ಉಳಿದುದೆಲ್ಲವೂ ಗೃಹಿಣಿಯ ತಲೆಯಲ್ಲಿ. ಯಾರ ಔಷಧಿ ಎಂದಿಗೆ ಮುಗಿಯುತ್ತದೆ, ಯಾವ ಮಗುವಿನ ಶುಲ್ಕ ಯಾವಾಗ ಕಟ್ಟಬೇಕು, ಯಾವ ನಂಟರಿಗೆ ಯಾವ ಮಾತು ಹೇಳಬಾರದು, ಎಲ್ಲವೂ ಅಲ್ಲಿಯೇ. ಆ ತಲೆಗೆ ಎಷ್ಟು ಪುಟಗಳಿದ್ದುವೆಂದು ಎಣಿಸಿ ನೋಡಿದವರಿಲ್ಲ.

ಕನ್ನಡ ಪಾಠ ಹೇಳುವುದು ನನ್ನ ವೃತ್ತಿಯಾದುದರಿಂದ ಇಲ್ಲಿ ಸ್ವಲ್ಪ ಪಾಂಡಿತ್ಯಕ್ಕೆ ವಾಚಕರು ಅವಕಾಶ ಕೊಡಬೇಕು. ನಮ್ಮ ನಾಡಿನ ವರ್ತಕರೂ ಮಠಗಳ ಪಾರುಪತ್ಯಗಾರರೂ ಹಿಂದೆ ಲೆಕ್ಕಪತ್ರಗಳನ್ನು ಬರೆಯುತ್ತಿದ್ದುದು ಕಡತದಲ್ಲಿ. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತವಾಯಿತು. ಕಪ್ಪು ನೆಲದ ಮೇಲೆ ಬಳಪದಿಂದ ಬೆಳ್ಳಗೆ ಬರೆಯುವುದು. ಬೇಡವಾದಾಗ ಒರಸಿ ಮತ್ತೆ ಬರೆಯುವುದು. ಶೃಂಗೇರಿ ಮಠದ ಕಡತಗಳು ಚರಿತ್ರಕಾರರಿಗೆ ಇಂದಿಗೂ ಆಧಾರವಾಗಿವೆ. ಬರೆಯಬಹುದು, ಒರಸಬಹುದು, ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೋಗಬಹುದು: ಕೆಲಸದ ಪಟ್ಟಿಗೆ ಬೇಕಾದ ಮೂರು ಗುಣಗಳೂ ಅದರಲ್ಲಿದ್ದುವು. ಕಾಲದ ಮಹಿಮೆಯನ್ನು ನೋಡಿ. ಒರಸಿ ಒರಸಿ ಬರೆಯುತ್ತಿದ್ದ ಆ ಕಡತದ ಹೆಸರು ಇಂದು, ಸರ್ಕಾರಿ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಚಲಿಸಲೊಲ್ಲದ ಫೈಲಿಗೆ ಬಂದಿದೆ.

ಈಗ ಕ್ಯಾಲೆಂಡರು, ರಸೀದಿ, ಕಡತ ಇವೆಲ್ಲದರ ಸ್ಥಾನಕ್ಕೂ ಕೈಫೋನು ಬಂದಿದೆ. ಕೆಲಸಗಳನ್ನು ನೆನಪಿಸುವುದಕ್ಕೆಂದೇ ಅದರಲ್ಲಿ ನೂರಾರು ಆ್ಯಪುಗಳಿವೆ. 'ಆ್ಯಪ್' ಎಂಬ ಶಬ್ದದ ಕೊನೆಗೆ ಒಂದು ತಕಾರವನ್ನು ಸೇರಿಸಿದರೆ ಅದು 'ಆಪ್ತ'ನಾಗುತ್ತಾನೆಂದು ನಾನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ನಕ್ಕರು. ಆದರೆ ನೂರು ಆಪ್ತರಿರುವವನಿಗೆ ಆಪತ್ತಿನಲ್ಲಿ ಯಾರನ್ನು ಕರೆಯಬೇಕೆಂಬುದೇ ತಿಳಿಯದು. ನಮ್ಮ ಮನೆಗೆ ಈ ಸಂಕಟ ಬಂದುದು ಹೀಗೆ.

ಕಳೆದ ವರ್ಷ ನನ್ನ ತಂದೆಯವರಿಗೆ ಪಾರ್ಶ್ವವಾಯು ಬಡಿಯಿತು. ಎಪ್ಪತ್ತಾರರ ಪ್ರಾಯ. ಆಸ್ಪತ್ರೆಯಲ್ಲಿ ಹನ್ನೊಂದು ದಿನವಿದ್ದು ಮನೆಗೆ ಬಂದಾಗ ಬಲಗೈಯಾಗಲಿ ಮಾತಾಗಲಿ ಪೂರ್ತಿಯಾಗಿ ಅವರ ಸ್ವಾಧೀನದಲ್ಲಿರಲಿಲ್ಲ. ಅವರೊಡನೆ ಒಂದು ದೊಡ್ಡ ಕಾಗದವೂ ಬಂದಿತು: ಹೊತ್ತುಹೊತ್ತಿಗೆ ಏಳು ಬಗೆಯ ಮಾತ್ರೆಗಳು, ಗೊತ್ತಾದ ದಿನಗಳಲ್ಲಿ ರಕ್ತಪರೀಕ್ಷೆ, ದಿನ ಬಿಟ್ಟು ದಿನ ಕೈಕಾಲಿನ ವ್ಯಾಯಾಮ ಮಾಡಿಸುವವರು, ವಾರಕ್ಕೆರಡು ಸಲ ಮಾತಿನ ಅಭ್ಯಾಸ ಮಾಡಿಸುವವರು. ನೋಡಿಕೊಳ್ಳಲು ನಾವು ಐದು ಮಂದಿ: ತಾಯಿ, ನನ್ನ ಹೆಂಡತಿ, ನಾನು, ಮಲ್ಲೇಶ್ವರದಲ್ಲಿರುವ ತಂಗಿ, ಅಮೆರಿಕದ ಡಲ್ಲಾಸಿನಲ್ಲಿರುವ ತಮ್ಮ.

ಒಂದು ಸಂಜೆ ತಂಗಿ ಬಂದಿದ್ದಳು. ಊಟವಾದ ಮೇಲೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ತಂದೆಯವರ ಅಂಗೈಯಲ್ಲಿಟ್ಟು, ನೀರು ತರಲು ಒಳಗೆ ಹೋದಳು. ಅಡಿಗೆಯ ಮನೆಯಲ್ಲಿದ್ದ ನನ್ನ ಹೆಂಡತಿ, "ಅದನ್ನು ನಾನು ಆಗಲೇ ಕೊಟ್ಟೆನಲ್ಲ!" ಎಂದಳು. ಇಬ್ಬರೂ ಹೊರಗೆ ಓಡಿಬಂದರು. ತಂದೆಯವರು ಮಾತ್ರೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದರು. "ತೊಗೊಂಡಾಯಿತು" ಎಂಬ ಒಂದು ಮಾತನ್ನು ಹೇಳಲು ಅವರು ಅಷ್ಟು ಹೊತ್ತೂ ಪ್ರಯತ್ನಿಸುತ್ತಿದ್ದರು. ಅದು ತುಟಿಯವರೆಗೆ ಬಂದು ನಿಂತಿದ್ದಿತು. ಆ ಮಾತ್ರೆ ಎರಡು ಸಲ ಹೊಟ್ಟೆಗೆ ಹೋದರೆ ಒಳಗೆ ರಕ್ತಸ್ರಾವವಾಗುವ ಭಯವುಂಟು. ಅಂದು ಏನೂ ಆಗಲಿಲ್ಲ. ಆದರೆ ಪ್ರೀತಿಯಿಂದ ಚಾಚುವ ಕೈಗಳು ಹೆಚ್ಚಾದಷ್ಟೂ ಅಪಾಯವೂ ಹೆಚ್ಚಬಹುದೆಂಬುದು ಆ ರಾತ್ರಿ ನಮಗೆಲ್ಲ ತಿಳಿಯಿತು.

"ನಮ್ಮ ವಾಟ್ಸ್‌ಆ್ಯಪ್ ಗುಂಪು ಇದೆಯಲ್ಲ, ಕೊಟ್ಟವರು ಅದರಲ್ಲಿ ಬರೆದರೆ ಸಾಲದೇ ಅಣ್ಣಾ?" ಎಂದು ತಮ್ಮ ಕೇಳಿದ. ಎರಡು ದಿನ ಸೊಗಸಾಗಿ ನಡೆಯಿತು. ಮೂರನೆಯ ದಿನ ಏಕಾದಶಿ. ಸೋದರತ್ತೆಯವರು ಕಳುಹಿಸಿದ ಪಾಂಡುರಂಗನ ಚಿತ್ರ, ಅದಕ್ಕೆ ಬಂಧುಬಳಗದವರೆಲ್ಲ ಸಲ್ಲಿಸಿದ ಕೈಮುಗಿದ ಚಿಹ್ನೆಗಳು, ಅದರ ಹಿಂದೆಯೇ ಬೆಳ್ಳುಳ್ಳಿಯ ಮಹಾತ್ಮ್ಯೆಯನ್ನು ಕುರಿತ ಒಂದು ದೀರ್ಘ ಉಪನ್ಯಾಸ. ಇವುಗಳ ನಡುವೆ ಮಧ್ಯಾಹ್ನದ ಮಾತ್ರೆ ಎಲ್ಲಿ ಮುಳುಗಿತೋ ಹುಡುಕಿದವರಿಗೆ ಸಿಗಲಿಲ್ಲ. ಮಾತು ಹರಿದು ಹೋಗಬೇಕಾದ ನೀರು. ಕೆಲಸವಾದರೋ ಮುಗಿಯುವವರೆಗೂ ಕಣ್ಣ ಮುಂದೆ ನಿಂತಿರಬೇಕಾದ ನೀರು. ಎರಡಕ್ಕೂ ಒಂದೇ ಕಾಲುವೆ ಸಲ್ಲದು.

ಅನಂತರ ನಾನು ಹಲಗೆಯ ಮಾದರಿಯ ಆ್ಯಪನ್ನು ತೆರೆದೆ. ಈ ವರ್ಗದಲ್ಲಿ ಟ್ರೆಲ್ಲೋ ಎಂಬುದು ಪ್ರಸಿದ್ಧ. ೨೦೧೧ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ೨೦೧೭ರಲ್ಲಿ ಆಸ್ಟ್ರೇಲಿಯದ ಅಟ್ಲಾಸಿಯನ್ ಕಂಪೆನಿಯ ವಶವಾಯಿತು. ಪರದೆಯ ಮೇಲೆ ಸಾಲಾಗಿ ಅಂಕಣಗಳು: ಆಗಬೇಕಾದುದು, ಆಗುತ್ತಿರುವುದು, ಆದುದು. ಒಂದೊಂದು ಕೆಲಸಕ್ಕೂ ಒಂದೊಂದು ಚೀಟಿ. ಬೆರಳಿನಿಂದ ಎಳೆದು ಅಂಕಣದಿಂದ ಅಂಕಣಕ್ಕೆ ಸಾಗಿಸಬಹುದು. ಇದರ ಮೂಲವಿರುವುದು ಜಪಾನಿನ ಟೊಯೋಟಾ ಮೋಟಾರು ಕಾರ್ಖಾನೆಯಲ್ಲಿ. ತೈಇಚಿ ಓನೋ ಎಂಬ ಎಂಜಿನಿಯರು ಎರಡನೆಯ ಮಹಾಯುದ್ಧವಾದ ಮೇಲಿನ ವರ್ಷಗಳಲ್ಲಿ ಅಲ್ಲಿ 'ಕಾನ್‌ಬಾನ್' ಎಂಬ ಚೀಟಿಯ ಪದ್ಧತಿಯನ್ನು ಬೆಳೆಸಿದನು. ಮುಂದಿನವನು ಬೇಡಿದಷ್ಟನ್ನು ಮಾತ್ರ ಹಿಂದಿನವನು ತಯಾರಿಸತಕ್ಕದ್ದು ಎಂಬುದು ಅದರ ಸೂತ್ರ. ಗಿರಾಕಿ ಒಯ್ದಷ್ಟನ್ನೇ ಮತ್ತೆ ತುಂಬಿಡುವ ಅಮೆರಿಕದ ದೊಡ್ಡ ಅಂಗಡಿಗಳ ಕ್ರಮದಿಂದ ಅವನು ಇದನ್ನು ಕಲಿತನು.

ಈ ಹಲಗೆಯನ್ನು ನಾನು ನಿಂದಿಸಲಾರೆ. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ನಾವು ನಾಲ್ವರು ಅಧ್ಯಾಪಕರು ಈಗ ಅದರ ಮೇಲೆಯೇ ನಡೆಸುತ್ತಿದ್ದೇವೆ. ಲೇಖನ ಬಂದಿತು, ತಿದ್ದಿದ್ದಾಯಿತು, ಕರಡು ನೋಡಿದ್ದಾಯಿತು, ಮುದ್ರಣಾಲಯಕ್ಕೆ ಹೋಯಿತು, ಹೀಗೆ ಒಂದೊಂದು ಚೀಟಿಯೂ ಮೆಟ್ಟಿಲೇರುತ್ತದೆ. ಯಾರ ಬಳಿಯಲ್ಲಿ ಎಷ್ಟು ಲೇಖನಗಳು ನಿದ್ರಿಸುತ್ತಿವೆ ಎಂಬುದು ಒಂದೇ ನೋಟಕ್ಕೆ ಕಾಣುವುದರಿಂದ, ಯಾರೂ ಯಾರನ್ನೂ ಕೇಳಿ ನಿಷ್ಠುರರಾಗಬೇಕಾದುದಿಲ್ಲ. ಒಬ್ಬರ ಹೆಸರಿನಲ್ಲಿ ಒಮ್ಮೆಗೆ ಮೂರಕ್ಕಿಂತ ಹೆಚ್ಚು ಚೀಟಿಗಳಿರಕೂಡದೆಂದು ಕಟ್ಟು ಮಾಡಿಕೊಂಡೆವು. ಅದರಿಂದಾದ ಉಪಕಾರ ಹೇಳತೀರದು. ಆದರೆ ಮಾತ್ರೆ ಅಂಥ ಯಾತ್ರಿಕನಲ್ಲ. ಅದನ್ನು ಕೊಟ್ಟಿದೆ, ಇಲ್ಲವೆ ಕೊಟ್ಟಿಲ್ಲ. 'ಕೊಡುತ್ತಿರುವುದು' ಎಂಬ ನಡುಮನೆ ಅದಕ್ಕಿಲ್ಲ. ಹಂತಗಳನ್ನು ದಾಟಿ ಒಂದು ದಿನ ಮುಗಿಯತಕ್ಕ ಕೆಲಸಕ್ಕೆ ಹಲಗೆ ಒಪ್ಪುತ್ತದೆ. ಇಂದು ಮುಗಿದರೂ ನಾಳೆ ಮತ್ತೆ ಹುಟ್ಟುವ ಕೆಲಸಕ್ಕೆ ಬೇಕಾದುದು ಪಟ್ಟಿ. ನಮ್ಮ ಕೆಲಸ ಯಾವ ಜಾತಿಯದೆಂದು ತಿಳಿಯದೆ ಆ್ಯಪನ್ನು ಆರಿಸುವುದೆಂದರೆ, ಕಾಲಿನ ಅಳತೆ ನೋಡದೆ ಜೋಡು ಕೊಂಡಂತೆ.

ಪಟ್ಟಿಗಳಲ್ಲಿಯೂ ಪಂಡಿತಪಟ್ಟಿ, ಪಾಮರಪಟ್ಟಿ ಎಂದು ಎರಡು ಬಗೆ. ೨೦೦೭ರಿಂದ ನಡೆದುಬಂದಿರುವ ಟುಡುಯಿಸ್ಟ್ ಎಂಬುದು ಪಂಡಿತರ ಪೈಕಿ. 'ಎವ್ರಿ ಮಂಡೇ' ಎಂದು ಇಂಗ್ಲಿಷಿನಲ್ಲಿ ಬರೆದರೆ ಸಾಕು, ಪ್ರತಿ ಸೋಮವಾರವೂ ತಾನಾಗಿ ಎಚ್ಚರಿಸುತ್ತದೆ. ಕೆಲಸ ಮುಗಿಸಿದವರಿಗೆ ಅಂಕಗಳನ್ನು ಕೊಡುತ್ತದೆ. ಆ ಅಂಕಗಳಿಗೆ ಅದು ಇಟ್ಟಿರುವ ಹೆಸರು 'ಕರ್ಮ'! ಫಲವನ್ನು ಬಯಸದೆ ಕರ್ಮವನ್ನು ಮಾಡೆಂದು ಗೀತೆ ಹೇಳಿದರೆ, ಇಲ್ಲಿ ಕರ್ಮವೇ ಫಲವಾಗಿ ಬಂದು ಕೈಸೇರುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗಳು, ವಿಚಾರಗೋಷ್ಠಿಯ ಪ್ರಬಂಧ, ಮನೆಯ ತೆರಿಗೆ ಎಂದು ನನ್ನೊಬ್ಬನ ವ್ಯವಹಾರಗಳಿಗೆ ಅದು ಚೆನ್ನಾಗಿಯೇ ಒದಗಿತು. ಆದರೆ ಅದನ್ನು ತಾಯಿಯ ಮುಂದಿಟ್ಟಾಗ ಅವರು ಕನ್ನಡಕವನ್ನು ಏರಿಸಿ ನೋಡಿ, "ಇದರಲ್ಲಿ ಇಷ್ಟು ಬಣ್ಣದ ಬಾವುಟ ಯಾಕಪ್ಪ? ನಮ್ಮ ಮನೆಯಲ್ಲಿ ಯಾವ ಜಾತ್ರೆ?" ಎಂದರು.

ಆ ಒಂದು ಪ್ರಶ್ನೆಯಿಂದ ನನಗೆ ಇಡೀ ವಿಷಯ ತಿಳಿಯಾಯಿತು. ಒಬ್ಬನೇ ಬಳಸುವ ಆ್ಯಪನ್ನು ಅವನ ಜಾಣತನಕ್ಕೆ ತಕ್ಕಂತೆ ಆರಿಸಿಕೊಳ್ಳಬಹುದು. ನಾಲ್ಕು ಮಂದಿ ಬಳಸತಕ್ಕದ್ದನ್ನು ಆರಿಸುವಾಗ ಮಾತ್ರ, ಅವರಲ್ಲಿ ಅತ್ಯಂತ ಒಲ್ಲದ ಮನಸ್ಸಿನಿಂದ ಫೋನನ್ನು ಕೈಗೆ ತೆಗೆದುಕೊಳ್ಳುವವರು ಯಾರೋ ಅವರೇ ತೀರ್ಪುಗಾರರು. ಅವರು ತೆರೆದು ನೋಡದ ಪಟ್ಟಿ ಎಷ್ಟು ಗುಣಸಂಪನ್ನವಾಗಿದ್ದರೇನು? ಐವರಲ್ಲಿ ನಾಲ್ವರು ಮಾತ್ರ ಗುರುತು ಹಾಕುವ ಪಟ್ಟಿ, ಪಟ್ಟಿಯೇ ಇಲ್ಲದಿರುವುದಕ್ಕಿಂತ ಅಪಾಯಕರ. ಏಕೆಂದರೆ ಅದನ್ನು ಜನ ನಂಬುತ್ತಾರೆ.

ಕೊನೆಗೆ ತಾಯಿ ಒಪ್ಪಿದುದು ಮೈಕ್ರೋಸಾಫ್ಟ್ ಟು ಡೂ ಎಂಬ ಪಾಮರಪಟ್ಟಿಯನ್ನು. ಒಂದು ಸಾಲಿಗೆ ಒಂದು ಕೆಲಸ; ಮಗ್ಗುಲಲ್ಲಿ ಒಂದು ಸೊನ್ನೆ; ಮುಗಿದಾಗ ಆ ಸೊನ್ನೆಯನ್ನು ಮುಟ್ಟಿದರಾಯಿತು. ಹಣ ಕೊಡಬೇಕಾದುದಿಲ್ಲ. ಒಂದೇ ಪಟ್ಟಿಯನ್ನು ಐವರೂ ಹಂಚಿಕೊಳ್ಳಬಹುದು. ಪ್ರತಿದಿನದ ಕೆಲಸ ಇಂದು ಮುಗಿದರೆ ನಾಳೆಯ ತಾರೀಕಿನಲ್ಲಿ ತಾನಾಗಿ ಹುಟ್ಟಿಕೊಳ್ಳುತ್ತದೆ. 'ನನ್ನ ದಿನ' ಎಂಬ ಅರ್ಥದ ಒಂದು ಪುಟವಿದೆ. ಅದು ರಾತ್ರಿ ಕಳೆದೊಡನೆ ಖಾಲಿಯಾಗುತ್ತದೆ. ನಿನ್ನೆಯ ಬಾಕಿ ಅಲ್ಲಿ ಕುಳಿತು ಕೆಕ್ಕರಿಸಿ ನೋಡುವುದಿಲ್ಲ. ಬಳಪದ ಬರಹವನ್ನು ಒರಸಿದ ಕಡತದಂತೆ ಬೆಳಗಿಗೆ ಹೊಸ ಕಪ್ಪು ನೆಲ.

ಇದಕ್ಕೊಂದು ಪೂರ್ವಜನ್ಮದ ಕಥೆಯೂ ಉಂಟು. ಬರ್ಲಿನ್ ನಗರದಲ್ಲಿ ಹುಟ್ಟಿದ ವುಂಡರ್‌ಲಿಸ್ಟ್ ಎಂಬ ಪಟ್ಟಿಯನ್ನು ಬಹಳ ಮಂದಿ ಮೆಚ್ಚಿದ್ದರು. ೨೦೧೫ರಲ್ಲಿ ಮೈಕ್ರೋಸಾಫ್ಟಿನವರು ಅದನ್ನು ಕೊಂಡುಕೊಂಡು, ೨೦೧೭ರಲ್ಲಿ ಟು ಡೂ ಎಂಬುದನ್ನು ಹೊರತಂದು, ೨೦೨೦ರ ಮೇ ೬ರಂದು ಹಳೆಯದರ ಬಾಗಿಲನ್ನು ಮುಚ್ಚಿಬಿಟ್ಟರು. ಆ್ಯಪೆಂಬುದು ಎಷ್ಟಾದರೂ ಬಾಡಿಗೆಯ ಮನೆ; ಯಜಮಾನ ಬಿಡೆಂದ ದಿನ ಬಿಡಬೇಕು. ಆದುದರಿಂದ ಮಾತ್ರೆಗಳ ಮೂಲಪಟ್ಟಿಯನ್ನು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿಯೇ ತೂಗುಹಾಕಿದ್ದೇವೆ. ದಿನಕ್ಕೊಂದು, ಹೊತ್ತಿಗೊಂದು ಮನೆಯಿರುವ ಮಾತ್ರೆಯ ಡಬ್ಬಿಯನ್ನೂ ತಂದಿದ್ದೇವೆ. ಇಂಟರ್ನೆಟ್ಟು ನಿಂತಿದ್ದರೆ ಒಬ್ಬರು ಹಾಕಿದ ಗುರುತು ಇನ್ನೊಬ್ಬರ ಫೋನಿಗೆ ತಡವಾಗಿ ಬರಬಹುದಷ್ಟೆ. ಫೋನು ಒಂದು ಹೇಳಿ ಡಬ್ಬಿ ಇನ್ನೊಂದು ಹೇಳಿದರೆ ನಮ್ಮ ಮನೆಯಲ್ಲಿ ಡಬ್ಬಿಯೇ ಪ್ರಮಾಣ.

ತಾಯಿಗೆ ಸಣ್ಣ ಅಕ್ಷರಗಳನ್ನು ಒತ್ತುವುದು ಆಗದು. ಆದರೆ ೨೦೧೭ರಲ್ಲಿಯೇ ಗೂಗಲ್ಲಿನ ಧ್ವನಿಬರಹ ಕನ್ನಡಕ್ಕೂ ಬಂದಿದೆ. ಆಡಿದ ಮಾತು ಕನ್ನಡ ಅಕ್ಷರಗಳಾಗಿ ಮೂಡುತ್ತದೆ. ಒಂದು ಭಾನುವಾರ ಅವರು ಹಜಾರದಲ್ಲಿ ಕುಳಿತು ಫೋನಿಗೆ ಕೆಲಸಗಳನ್ನು ಹೇಳತೊಡಗಿದರು. 'ರಾಗಿ ಅಂಬಲಿ' ಎಂದುದು 'ರಾಗಿ ಅಂಬಾರಿ'ಯಾದಾಗ ತಂದೆಯವರು ಕಾಯಿಲೆ ಬಿದ್ದ ಮೇಲೆ ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕರು. ನಗು ನಿಂತ ಮೇಲೆ ನಾವು ಲೆಕ್ಕ ಹಾಕಿ ನೋಡಿದೆವು: ಒಂದು ವಾರದ ಬಾಬ್ತಿಗೆ ನಲವತ್ತಮೂರು ಕೆಲಸಗಳು. ಹಾಸಿಗೆಯ ಮೇಲುಹೊದಿಕೆ ಬದಲಾಯಿಸುವುದರಿಂದ ಹಿಡಿದು ವಿಮೆಯ ಕಾಗದವನ್ನು ಹುಡುಕುವವರೆಗೆ ಎಲ್ಲವೂ ಅಷ್ಟು ದಿನ ಇದ್ದುದು ಎರಡು ತಲೆಗಳಲ್ಲಿ, ಅತ್ತೆಯದರಲ್ಲಿ ಮತ್ತು ಸೊಸೆಯದರಲ್ಲಿ. ಮಾಡುವ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಾಡಬೇಕೆಂದು ನೆನಪಿಟ್ಟುಕೊಂಡಿರುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಬರಹಕ್ಕಿಳಿದ ಮೇಲೆಯೇ ಹಂಚಿಕೊಳ್ಳತಕ್ಕ ವಸ್ತುವಾಯಿತು. ಔಷಧಿ ತರಿಸುವುದನ್ನೂ ರಕ್ತಪರೀಕ್ಷೆಯನ್ನೂ ತಂಗಿ ವಹಿಸಿಕೊಂಡಳು. ವಿಮೆ, ವಿದ್ಯುತ್ತು, ಆಸ್ಪತ್ರೆಯ ಹಣ, ವೈದ್ಯರನ್ನು ಕಾಣುವ ಹೊತ್ತಿನ ಏರ್ಪಾಟು ಇವನ್ನು ಡಲ್ಲಾಸಿನಿಂದಲೇ ತಮ್ಮ ನೋಡಿಕೊಂಡ. ಸ್ನಾನವೂ ವ್ಯಾಯಾಮವೂ ನನ್ನವು. ಹತ್ತು ಮಂದಿಗೆ ಹುಲ್ಲುಕಡ್ಡಿ, ಒಬ್ಬರಿಗೆ ತಲೆಹೊರೆ ಎಂದು ಹಿರಿಯರು ಅಂದುದು ಸುಳ್ಳಲ್ಲ. ಒಂದು ನಿಯಮವನ್ನು ಮಾತ್ರ ನಾವು ಕಟ್ಟುನಿಟ್ಟಾಗಿ ಪಾಲಿಸುತ್ತೇವೆ: ಒಂದು ಸಾಲಿಗೆ ಒಂದೇ ಹೆಸರು. ಹೆಸರಿಲ್ಲದ ಕೆಲಸವನ್ನು ಯಾರೂ ಮಾಡುವುದಿಲ್ಲ. ಎರಡು ಹೆಸರಿನ ಕೆಲಸವನ್ನು ಇಬ್ಬರೂ ಮಾಡಿಬಿಡುತ್ತಾರೆ.

ಈ ಆ್ಯಪುಗಳಲ್ಲೆಲ್ಲ ಒಂದು ಮೋಹಿನಿಯೂ ಇದ್ದಾಳೆಂಬುದನ್ನು ವಾಚಕರಿಗೆ ತಿಳಿಸಬೇಕು. ನಾನು ಚಿಕ್ಕವನಾಗಿದ್ದಾಗ, ೧೯೯೦ರ ದಶಕದಲ್ಲಿ, ಕರ್ನಾಟಕದ ಅನೇಕ ಊರುಗಳಲ್ಲಿ ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ರಾತ್ರಿಯಲ್ಲಿ ಗುರುತಿನವರ ದನಿಯಲ್ಲಿ ಕರೆಯುವ ದೆವ್ವವೊಂದು ಆ ಬರಹವನ್ನು ಓದಿ ಹಿಂತಿರುಗುವುದೆಂದೂ, ಮರುದಿನ ಬಂದು ಮತ್ತೆ ಅದನ್ನೇ ಓದಿ ಹಿಂತಿರುಗುವುದೆಂದೂ ಜನ ನಂಬಿದ್ದರು. ಕೆಲಸದ ತಾರೀಕನ್ನು ಒಂದು ಬೆರಳಿನಿಂದ ನಾಳೆಗೆ ತಳ್ಳುವ ಸೌಕರ್ಯ ಈಗ ಎಲ್ಲ ಪಟ್ಟಿಗಳಲ್ಲಿಯೂ ಇದೆ. ವ್ಯತ್ಯಾಸವಿಷ್ಟೆ: ಆ ದೆವ್ವ ಒಂದೇ ಆಗಿದ್ದಿತು, ತಳ್ಳಿದ ಕೆಲಸಗಳು ದಿನದಿನಕ್ಕೆ ಬಳಗವನ್ನು ಕಟ್ಟಿಕೊಂಡು ಬರುತ್ತವೆ. ಮೂರು ಸಲ ತಳ್ಳಿದ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಬೇಕು, ಇಲ್ಲವೆ ಒರಸಿಹಾಕಬೇಕೆಂಬುದು ನನ್ನ ಹೆಂಡತಿ ಮಾಡಿದ ಶಾಸನ.

ಪಟ್ಟಿಯಿಂದ ನೆನಪು ಕುಂದುತ್ತದೆಂದು ಆಕ್ಷೇಪಿಸುವವರಿದ್ದಾರೆ. ವಿದ್ಯಾರ್ಥಿ ಭವನದಲ್ಲಿ ತೋಳುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವ ಮಹಾನುಭಾವರನ್ನು ನೋಡಿದಾಗ ನನಗೂ ಹಾಗೆನ್ನಿಸುವುದುಂಟು. ಬರ್ಲಿನ್ನಿನ ಕಾಫಿಯಂಗಡಿಯ ಇಂಥ ಮಾಣಿಗಳಿಗೆ ಹಣ ಬಾರದ ಲೆಕ್ಕ ನೆನಪಿದ್ದು, ಹಣ ಬಂದ ಲೆಕ್ಕ ಮರೆತುಹೋಗುವುದನ್ನು ಕಂಡದ್ದರಿಂದ ಪ್ರಚೋದಿತಳಾಗಿ ಬ್ಲೂಮಾ ಜೈಗಾರ್ನಿಕ್ ಎಂಬ ವಿದುಷಿ ಪ್ರಯೋಗಗಳನ್ನು ನಡೆಸಿದಳೆಂದು ಹೇಳುತ್ತಾರೆ. ಮುಗಿಯದ ಕೆಲಸ ಮನಸ್ಸನ್ನು ಬಿಡದೆ ಹಿಡಿದಿರುತ್ತದೆಂದು ಆಕೆ ೧೯೨೭ರಲ್ಲಿ ಪ್ರಕಟಿಸಿದಳು. ಆ ಪ್ರಯೋಗವನ್ನು ಮತ್ತೆ ಮಾಡಿದವರಿಗೆಲ್ಲ ಅದೇ ಫಲ ದೊರೆಯಲಿಲ್ಲವೆಂಬುದೂ ನಿಜ. ೨೦೧೧ರಲ್ಲಿ ಮ್ಯಾಸಿಕ್ಯಾಂಪೋ ಮತ್ತು ಬೌಮೈಸ್ಟರ್ ಎಂಬಿಬ್ಬರು ಇದಕ್ಕೆ ಇನ್ನೊಂದನ್ನು ಸೇರಿಸಿದರು: ಕೆಲಸ ಮುಗಿಯಬೇಕೆಂದೇ ಇಲ್ಲ, ಯಾವಾಗ ಹೇಗೆ ಮಾಡುವುದೆಂದು ನಿಶ್ಚಯಿಸಿಕೊಂಡರೂ ಮನಸ್ಸು ಹಿಡಿತವನ್ನು ಸಡಿಲಿಸುತ್ತದೆ. ಶಾಸ್ತ್ರ ಹಾಗಿರಲಿ. ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು, "ನಾಳೆಗೆ ಮಾತ್ರೆ ಇದೆಯೋ ಇಲ್ಲವೋ" ಎಂದು ಡಬ್ಬಿ ತಡಕುತ್ತಿದ್ದ ನನ್ನ ತಾಯಿ ಈಗ ಬೆಳಗಿನವರೆಗೆ ಮಲಗುತ್ತಾರೆ. ನನಗೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಎರಡು ತಿಂಗಳಾದ ಮೇಲೆ ಪಟ್ಟಿಯಲ್ಲಿ ಒಂದು ಹೊಸ ಸಾಲು ಕಾಣಿಸಿತು. ತಾಯಿಯೇ ಹೇಳಿ ಬರೆಸಿದ್ದರು: 'ದಿನವೂ ಯಾರಾದರೂ ಇವರ ಹತ್ತಿರ ಸ್ವಲ್ಪ ಹೊತ್ತು ಕೂತು ಮಾತಾಡಬೇಕು.' ಗಂಡನ ಹೆಸರನ್ನು ಅವರು ಫೋನಿಗೂ ಹೇಳುವವರಲ್ಲ. ನಾವೆಲ್ಲ ಮಾತ್ರೆ, ಪರೀಕ್ಷೆ, ಬಿಲ್ಲುಗಳಲ್ಲಿ ಮುಳುಗಿದ್ದ ಮನೆಯಲ್ಲಿ, ಕಾಗದದಲ್ಲಿ ಯಾವ ವೈದ್ಯರೂ ಬರೆಯದಿದ್ದ ಈ ಒಂದು ಬಾಬ್ತನ್ನು ಕಂಡವರು ಅವರೊಬ್ಬರೇ. ಆ ಸಾಲಿಗೆ ಮೊದಲು ಹೆಸರು ಕೊಟ್ಟವನು ಡಲ್ಲಾಸಿನ ತಮ್ಮ. ಇಲ್ಲಿ ರಾತ್ರಿ ಎಂಟು ಗಂಟೆಗೆ, ಅಲ್ಲಿ ಕಚೇರಿಗೆ ಕೂರುವ ಮುನ್ನ, ಅವನು ಪರದೆಯ ಮೇಲೆ ಬರುತ್ತಾನೆ. ತಂದೆಯವರು ಒಂದೊಂದೇ ಮಾತನ್ನು ಹುಡುಕಿ ತೆಗೆದು ಅವನಿಗೆ ಹಳೆಯ ಬಸವನಗುಡಿಯ ಕಥೆ ಹೇಳುತ್ತಾರೆ. ಮಾತಿನ ಅಭ್ಯಾಸ ಮಾಡಿಸುವವರು, ಈ ಪಾಠ ತಮ್ಮ ಪಾಠಕ್ಕಿಂತ ಮೇಲೆಂದರು. ಕರೆ ಮುಗಿದ ಮೇಲೆ ಗುರುತು ಹಾಕಬೇಕಾದವನು ತಮ್ಮ. ಅನೇಕ ದಿನ ಅವನು ಮರೆಯುತ್ತಾನೆ. ಅದನ್ನು ಮಾತ್ರ ನಾವು ಯಾರೂ ನೆನಪಿಸುವುದಿಲ್ಲ.

ಪಟ್ಟಿಯ ತುದಿಯಲ್ಲಿ ಈಗ ಒಂದು ಕೆಲಸ ದೂರದ ತಾರೀಕನ್ನು ಹೊತ್ತು ನಿಂತಿದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡಬಸವಣ್ಣನ ಗುಡಿಯ ಕಡಲೆಕಾಯಿ ಪರಿಷೆ. ತಂದೆಯವರನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗಬೇಕು. ಜನ ಸೇರುವ ಮೊದಲೇ, ಬೆಳಗಿನ ಆರು ಗಂಟೆಗೆ ಹೊರಟುಬಿಡಬೇಕು. ಕುರ್ಚಿಯನ್ನು ತರುವುದು ತಂಗಿ, ತಳ್ಳುವುದು ನಾನು, ಶಾಲು, ನೀರು, ಮಾತ್ರೆ ನನ್ನ ಹೆಂಡತಿ, ಅಂದಿಗೆ ರಜ ಹಾಕಿ ಬರುವುದು ತಮ್ಮ. 'ಕಡಲೆಕಾಯಿ ಚೌಕಾಸಿ' ಎಂಬ ಸಾಲು ಬಹಳ ದಿನ ಹೆಸರಿಲ್ಲದೆ ಇದ್ದಿತು. ಮೊನ್ನೆ ತಂದೆಯವರು ಎಡಗೈಯಿಂದ ಫೋನನ್ನು ಎಳೆದುಕೊಂಡು, ಬಾಯಿ ಹತ್ತಿರ ಹಿಡಿದು, ಬಹಳ ಹೊತ್ತು ತಡೆದು, "ನಾನು" ಎಂದರು. ಯಂತ್ರ ಒಂದಕ್ಷರವೂ ತಪ್ಪದೆ ಬರೆದುಕೊಂಡಿತು.